ಕಾರಿನೊಳಗೆ ಮಳೆನೀರು: ಮೊದಲು ದಾರಿ ಬಿಡಿಸಿ, ಆಮೇಲೆ ಬಿರುಕು ಮುಚ್ಚಿ



ಕಳೆದ ಜುಲೈನಲ್ಲಿ ಕುಬಟೂರಿನ ನಮ್ಮ ಮನೆಯ ಹಳೆಯ ಕಾರಿನಲ್ಲಿ ಎಡಗಡೆಯ ಮುಂದಿನ ಸೀಟಿನ ಎದುರು ಕಾಲಿಟ್ಟರೆ ಮ್ಯಾಟು ಪಚಕ್ಕೆನ್ನುತ್ತಿತ್ತು. ಬೆಳಿಗ್ಗೆ ಗಾಜಿನ ಒಳಗಡೆ ಮಂಜು, ಬಾಗಿಲು ತೆರೆದರೆ ಬೂಷ್ಟಿನ ವಾಸನೆ. ನಮ್ಮ ದಾದಿಗೆ ಉಬ್ಬಸ. ಆಸ್ಪತ್ರೆಗೆ ಕರೆದುಕೊಂಡು ಹೊರಟರೆ ಆನವಟ್ಟಿ ತಲುಪುವುದರೊಳಗೆ ಕೆಮ್ಮು ಶುರು. "ಇನ್ನು ಮೇಲೆ ನಾನು ಬಸ್ಸಿಗೇ ಬರುತ್ತೇನೆ" ಎಂದುಬಿಟ್ಟರು.

ನಾನು ಸಿಲಿಕೋನ್ ಟ್ಯೂಬ್ ತಂದೆ. ಬಾನೆಟ್ ಎತ್ತಿ ನೋಡಿದಾಗ ಮುಂದಿನ ಗಾಜಿನ ಬುಡದ ಮೂಲೆಯಲ್ಲಿ ಒಂದು ತೂತು ಕಂಡಿತು. ನೀರು ಇಲ್ಲಿಂದಲೇ ಒಳಗೆ ಹೋಗುತ್ತಿದೆ ಎಂದುಕೊಂಡು ಅದನ್ನು ಮುಚ್ಚಿದೆ. ಮರುದಿನ ಜೋರು ಮಳೆ. ಕಾರಿನೊಳಗೆ ಮೊದಲಿಗಿಂತ ಹೆಚ್ಚು ನೀರು! ನಾನು ಮುಚ್ಚಿದ್ದು ನೀರು ಹೊರಗೆ ಹೋಗುವ ತೂತನ್ನು. ಈ ತಪ್ಪಿನಿಂದ ಕಲಿತದ್ದೇ ಈ ಪಾಠ.

ಕಾರು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲ

ಕಾರಿನ ಹೊರಮೈಯ ಸಂದುಗಳಲ್ಲಿ ನೀರು ಇಳಿಯುವುದು ಸಹಜ. ಇಳಿದ ನೀರು ಹೊರಗೆ ಹೋಗಲೆಂದೇ ದಾರಿಗಳನ್ನು ಮಾಡಿರುತ್ತಾರೆ. ಮುಂದಿನ ಗಾಜಿನ ಮೇಲೆ ಬಿದ್ದ ನೀರು ವೈಪರ್ ಕೆಳಗಿನ ಜಾಲರಿಯ ಮೂಲಕ ಒಂದು ತೊಟ್ಟಿಗೆ ಇಳಿದು, ಅದರ ತೂತುಗಳಿಂದ ನೆಲಕ್ಕೆ ಹೋಗುತ್ತದೆ. ಬಾಗಿಲಿನ ಗಾಜಿನ ಸಂದಿನಲ್ಲಿ ಇಳಿದ ನೀರು ಬಾಗಿಲಿನ ಹೊಟ್ಟೆಯೊಳಗೆ ಹರಿದು, ಅಡಿಯ ಸಣ್ಣ ತೂತುಗಳಿಂದ ಹೊರಬೀಳುತ್ತದೆ. ಸನ್‌ರೂಫ್ ಇರುವ ಕಾರಿನಲ್ಲಿ ಅದರ ಚೌಕಟ್ಟಿನಿಂದ ಕಂಬಗಳೊಳಗೆ ಕೊಳವೆಗಳು ಇಳಿದಿರುತ್ತವೆ.

ಒಂದು ಲೆಕ್ಕ ನೋಡಿ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಗಾಜಿನ ಮೇಲೆ ಮಳೆ ಬೀಳುವ ಜಾಗ ಸುಮಾರು 1 ಚದರ ಮೀಟರ್ ಎಂದಿಟ್ಟುಕೊಂಡರೆ, 50 ಮಿಲಿಮೀಟರ್ ಮಳೆಗೆ 50 ಲೀಟರ್! ಅಂದರೆ ಮೂರು ಕೊಡಕ್ಕೂ ಹೆಚ್ಚು. ಇಷ್ಟೂ ನೀರು ಆ ಸಣ್ಣ ತೂತುಗಳಿಂದಲೇ ಹೋಗಬೇಕು. ನಮ್ಮ ಕಾರು ನಿಲ್ಲುವುದು ಹುಣಸೆಮರದ ಕೆಳಗೆ. ಅದರ ಪುಟ್ಟ ಎಲೆಗಳು ಜಾಲರಿಯಲ್ಲಿ ನುಸುಳಿ, ಕೊಳೆತು, ತೂತಿನ ಬಾಯಲ್ಲಿ ಕೆಸರಾಗಿ ಕೂತಿದ್ದವು. ತೊಟ್ಟಿ ತುಂಬಿ, ಗಾಳಿ ಒಳಗೆ ಎಳೆಯುವ ಬಾಯಿಯವರೆಗೆ ನೀರು ಏರಿ, ಬ್ಲೋವರ್ ಮೂಲಕ ಎಡಗಡೆ ಸುರಿಯುತ್ತಿತ್ತು.

ಯಾವ ನೀರು ಎಂದು ಮೊದಲು ತಿಳಿಯಿರಿ

ಮಳೆ ಇಲ್ಲದ ದಿನ ಎಸಿ ಹಾಕಿದಾಗ ಮಾತ್ರ ಒದ್ದೆಯಾದರೆ, ಅದು ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದ್ದರಿಂದ. ನೀರು ಅಂಟಂಟಾಗಿ, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಮಳೆ ಬಂದಾಗ ಅಥವಾ ತೊಳೆದಾಗ ಮಾತ್ರ ಬರುವ ತಿಳಿನೀರು ಮಳೆನೀರಿನ ಸೋರಿಕೆ.

ಹುಡುಕುವ ಕ್ರಮ

ಹೆಂಚಿನ ಮನೆಯಲ್ಲಿ ಹನಿ ಬೀಳುವ ಜಾಗದ ಮೇಲೆಯೇ ಒಡೆದ ಹೆಂಚು ಇರುವುದಿಲ್ಲ, ನೀರು ರೀಪಿನ ಗುಂಟ ಹರಿದು ಬಂದಿರುತ್ತದೆ. ಕಾರಿನಲ್ಲೂ ಹಾಗೆಯೇ. ಅಂಟಿಕೊಳ್ಳುವ ಗುಣದಿಂದ ನೀರು ತಗಡು ಮತ್ತು ತಂತಿಗಳ ಗುಂಟ ದೂರ ಸಾಗುತ್ತದೆ. ಆದ್ದರಿಂದ:

1. ಮ್ಯಾಟು ತೆಗೆದು, ಕಾರ್ಪೆಟ್ ಎತ್ತಿ, ನೆಲವನ್ನು ಪೂರ್ತಿ ಒರೆಸಿ. ಅಲ್ಲಿ ಹಳೆಯ ಪತ್ರಿಕೆ ಹಾಸಿ. ಕಾರ್ಪೆಟ್ ಅಡಿಯಲ್ಲಿ ವೈರುಗಳಿರುತ್ತವೆ. ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಮುಟ್ಟಬೇಡಿ.

2. ಅನುಮಾನವಿರುವ ಜಾಗದ ಒಳಗಡೆ ಸೀಮೆಸುಣ್ಣದ ಪುಡಿ ಉದುರಿಸಿ. ನೀರು ಬಂದರೆ ಗೆರೆ ಮೂಡುತ್ತದೆ.

3. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿನಿಂದ ನಿಧಾನವಾಗಿ ನೀರು ಹಾಕಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು: ಬಾಗಿಲಿನ ಕೆಳಭಾಗ, ಗಾಜಿನ ಬುಡ, ಕೊನೆಗೆ ಛಾವಣಿ. ಒಂದೊಂದು ಜಾಗಕ್ಕೂ ಐದು ನಿಮಿಷ. ಮೊದಲೇ ಛಾವಣಿಗೆ ಸುರಿದರೆ ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ನಾನು ಪೈಪ್ ಬಳಸದೆ ಮಗ್ಗಿನಲ್ಲೇ ಹಾಕಿದೆ, ಒಂದು ಬಕೆಟ್ ಸಾಕಾಯಿತು.

4. ಬಾಗಿಲಿನ ರಬ್ಬರ್ ಪರೀಕ್ಷಿಸಲು ಒಂದು ಚೀಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿ ಇಲ್ಲದೆ ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರ್ ಸೋತಿದೆ.

ಸರಿಪಡಿಸುವುದು

ಮೊದಲು ದಾರಿ ಬಿಡಿಸಿ. ತೊಟ್ಟಿಯ ಕಸವನ್ನು ಕೈಯಿಂದ ಎತ್ತಿ ತೆಗೆಯಿರಿ, ತೂತಿನೊಳಕ್ಕೆ ನೂಕಬೇಡಿ. ಬಾಗಿಲಿನ ಅಡಿಯ ತೂತುಗಳನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಸನ್‌ರೂಫ್ ಕೊಳವೆಗೆ ಗಟ್ಟಿ ತಂತಿ ಅಥವಾ ಜೋರು ಗಾಳಿ ಬೇಡ, ಒಳಗೆ ಕಳಚಿಕೊಳ್ಳಬಹುದು. ಇಷ್ಟಾದ ಮೇಲೂ ಸೋರಿದರೆ ಮಾತ್ರ ಮುಚ್ಚುವ ಕೆಲಸ. ಬಾಗಿಲಿನ ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಟ್ಟಿದ್ದರೆ ಬ್ಯುಟೈಲ್ ಟೇಪಿನಿಂದ ಅಂಟಿಸಿ. ಹಿಂದಿನ ದೀಪದ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಬದಲಿಸಿ. ಮುಂದಿನ ಗಾಜಿನ ಅಂಟು ಬಿಟ್ಟಿದ್ದರೆ ಅದು ನುರಿತವರ ಕೆಲಸ. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ತರುತ್ತದೆ.

ಕೊನೆಗೆ ಒಣಗಿಸುವುದು. ಕಾರ್ಪೆಟ್ ಮೇಲೆ ಒಣಗಿದ್ದರೂ ಅಡಿಯ ಸ್ಪಂಜು ನೀರು ಹಿಡಿದಿರುತ್ತದೆ. ಬೂಷ್ಟು ಹುಟ್ಟುವುದು, ನೆಲ ತುಕ್ಕು ಹಿಡಿಯುವುದು ಅಲ್ಲಿಯೇ. ಮಳೆ ಬಿಡುವು ಕೊಟ್ಟಾಗ ಬಾಗಿಲು ತೆರೆದಿಟ್ಟು, ಫ್ಯಾನ್ ಹಚ್ಚಿ ಒಣಗಿಸಲು ನನಗೆ ನಾಲ್ಕು ದಿನ ಬೇಕಾಯಿತು.

ನಮ್ಮೂರ ಕೈಟಭೇಶ್ವರ ದೇವಾಲಯ ಸುಮಾರು ಕ್ರಿ.ಶ. 1100ರ ಕಾಲದ್ದು. ಮಂಟಪದ ಕಲ್ಲಿನ ಸೂರು ಹೊರಕ್ಕೆ ಚಾಚಿ ಇಳಿಜಾರಾಗಿದೆ. ಶಿಲ್ಪಿ ಮಳೆಯನ್ನು ತಡೆಯಲು ಹೋಗಲಿಲ್ಲ, ಹರಿದು ಹೋಗಲು ದಾರಿ ತೋರಿಸಿದ. ಇದನ್ನು ದಿನಾ ನೋಡುತ್ತಿದ್ದರೂ ನನಗೆ ಅರ್ಥವಾಗಲು ಒಂದು ಸಿಲಿಕೋನ್ ಟ್ಯೂಬ್ ಖರ್ಚಾಯಿತು.

ಈಗ ಪ್ರತಿ ಮೇ ಕೊನೆಯಲ್ಲಿ ಜಾಲರಿ ಶುಚಿ ಮಾಡುವುದು ನನ್ನ ಕೆಲಸ. ದಾದಿ ಮತ್ತೆ ಕಾರಿನ ಮುಂದಿನ ಸೀಟಿಗೆ ಬಂದಿದ್ದಾರೆ. ಹತ್ತುವ ಮೊದಲು ಮಾತ್ರ ಮ್ಯಾಟನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡುತ್ತಾರೆ.