ಬೆಕ್ಕು ಕಚ್ಚಿದ ಚುಕ್ಕೆಗಾಯ

ಶ್ರೀನಿವಾಸಪುರದ ಮಾವಿನ ತೋಪಿನ ಕಾವಲಿಗೆ ನಾಯಿ ಬೇಕು, ಮುಳಬಾಗಿಲು, ಮಾಲೂರಿನ ಮನೆಗಳಲ್ಲಿ ಇಲಿ ಕಾಟಕ್ಕೆ ಬೆಕ್ಕು ಬೇಕು. ಅವುಗಳ ಜೊತೆ ಮಕ್ಕಳು ಆಡಲಿ, ಅದಕ್ಕೆ ನನ್ನ ತಕರಾರಿಲ್ಲ. ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡಿಬರುವವರೇ ಬೆಕ್ಕು ಕಚ್ಚಿದರೆ ‘ಚುಕ್ಕೆಯಷ್ಟು ಗಾಯ, ಬಿಡಿ’ ಅನ್ನುತ್ತಾರಲ್ಲ, ತಕರಾರು ಇರುವುದು ಅಲ್ಲಿ.

ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ನಂಬಿಕೆಯೂ ಬೇಡ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಬಹುಪಾಲು ಬೆಕ್ಕುಗಳ, ಹಲವು ನಾಯಿಗಳ ಬಾಯಲ್ಲಿ ಅವಕ್ಕೇನೂ ತೊಂದರೆ ಕೊಡದೆ ಇರುತ್ತದೆ. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ. ಒಮ್ಮೊಮ್ಮೆ ಕೀಲಿನವರೆಗೂ ಇಳಿದು ಆ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಬರುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ನಂಜು ಏರುತ್ತದೆ. ಹೆಚ್ಚಾಗಿ 24 ಗಂಟೆಯೊಳಗೇ ಜಾಗ ಕೆಂಪಾಗಿ, ಬಿಸಿಯಾಗಿ ಊದುತ್ತದೆ.

ಇಲ್ಲೇ ಗೊಂದಲ. ‘ಇಂಜೆಕ್ಷನ್ ಹಾಕಿಸಿದ್ದಕ್ಕೇ ಕೈ ಊದಿತು’ ಎಂದು ದೂರುವವರಿದ್ದಾರೆ. ಆ ಲಸಿಕೆ ರೇಬೀಸ್ ವೈರಸ್‌ಗೆ. ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದೂ ಇಲ್ಲ. ಹಾಗೆಯೇ ಆಂಟಿಬಯೋಟಿಕ್ ಮಾತ್ರೆಯಿಂದ ರೇಬೀಸ್ ನಿಲ್ಲದು. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು 0 ಎಂದಿಟ್ಟುಕೊಂಡು 3, 7, 28ನೇ ದಿನ ಮತ್ತೆ ಬರಬೇಕು. ಗಾಯ ಆಳವಾಗಿದ್ದರೆ ಅದರ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಹಾಕುತ್ತಾರೆ. ಕಚ್ಚಿದ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಅದು ಅಸಡ್ಡೆಯಲ್ಲ; ನಂಜು ಒಳಗೇ ಉಳಿಯದಿರಲಿ ಎಂದು.

ಆಸ್ಪತ್ರೆಗೆ ಹೊರಡುವ ಮೊದಲು ಗಾಯಕ್ಕೆ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ನಮ್ಮ ಕಡೆ ಅಷ್ಟು ನೀರು ದುಬಾರಿಯೇ. ಆದರೂ ಅವತ್ತು ಲೆಕ್ಕ ನೋಡಬೇಡಿ. ನಲ್ಲಿ ಬರದಿದ್ದರೆ ಚೊಂಬಿನಿಂದ ಸುರಿಯಿರಿ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಬೇಡ. ಹೋದ ಸಲದ ಕೆಮ್ಮಿಗೆ ಕೊಟ್ಟು ಉಳಿದ ಸಿರಪ್ಪೂ ಬೇಡ: ಪಾಶ್ಚುರೆಲ್ಲಾಕ್ಕೆ ಎಲ್ಲ ಆಂಟಿಬಯೋಟಿಕ್ ನಾಟುವುದಿಲ್ಲ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ತಾಯಿ ಕಾರ್ಡ್ ನೋಡಿ ಹೇಳಿ.

ಗುಲ್ಮ ತೆಗೆಸಿರುವ ಮಗುವಾದರೆ ನಾಯಿ ತರಚುಗಾಯ ನೆಕ್ಕಿದರೂ ತಡಮಾಡದೆ ಬನ್ನಿ. ನಾಯಿಯ ಬಾಯಲ್ಲಿರುವ ಇನ್ನೊಂದು ಬ್ಯಾಕ್ಟೀರಿಯಾ ಅಂಥವರ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.

ಬೆಕ್ಕಿನ ಮರಿ ಪರಚಿದ ಗೀರನ್ನು ಎಲ್ಲರೂ ಮರೆತಿರುತ್ತಾರೆ. ಒಂದೆರಡು ವಾರ ಕಳೆದು ಮಗುವಿನ ಕಂಕುಳಲ್ಲಿ ಗಂಟು, ಸಣ್ಣ ಜ್ವರ ಕಾಣಿಸಬಹುದು. ಚಿಗಟಗಳಿಂದ ಬೆಕ್ಕಿಗೆ ಹತ್ತುವ ಬಾರ್ಟೊನೆಲ್ಲಾ ಇದಕ್ಕೆ ಕಾರಣವಾಗಿರಬಹುದು. ಗಂಟು ತೋರಿಸಲು ಬಂದಾಗ ಮನೆಯಲ್ಲಿ ಬೆಕ್ಕಿನ ಮರಿ ಇದೆ ಎಂದು ನೀವಾಗಿಯೇ ಹೇಳಿ. ನಾವು ಕೇಳುವುದನ್ನು ಮರೆಯಬಹುದು.