ರೈಲಿಗೆ ಕಾದಿದ್ದವರ ನೆನಪು

ನವೆಂಬರ್ ನಮಗೆ ಮೃತರ ಸ್ಮರಣೆಯ ತಿಂಗಳು. 26ರ ಸಂಜೆ ಮನೆಯ ಪ್ರಾರ್ಥನೆಯಲ್ಲಿ, 2008ರ ಮುಂಬಯಿ ದಾಳಿಯಲ್ಲಿ ಮಡಿದ 166 ಮಂದಿಯನ್ನೂ ನೆನೆಯಿರಿ.

ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದ್ದೀತು. ಹಂತಕನ ಬಂದೂಕಿನ ನಳಿಗೆಯನ್ನೇ ಬಿಗಿಹಿಡಿದು ಪ್ರಾಣ ಕೊಟ್ಟ ಪೊಲೀಸ್ ತುಕಾರಾಂ ಓಂಬ್ಳೆಯವರದೂ ಗೊತ್ತಿರಬಹುದು. ಆದರೆ ಛತ್ರಪತಿ ಶಿವಾಜಿ ರೈಲು ನಿಲ್ದಾಣದಲ್ಲಿ ಸತ್ತ 58 ಮಂದಿ? ಹೊತ್ತಿ ಉರಿದ ತಾಜ್ ಹೋಟೆಲಿನ ಚಿತ್ರ ಎಲ್ಲರ ಕಣ್ಣಲ್ಲಿದೆ. ಗಂಟುಮೂಟೆಯೊಡನೆ ರೈಲಿಗೆ ಕಾದಿದ್ದವರದು ಇಲ್ಲ. ಇದು ನನಗೇನೋ ಸರಿ ಕಾಣುವುದಿಲ್ಲ.

ಅಲ್ಲಿ ಸಾವು ಇನ್ನೂ ಹೆಚ್ಚದಂತೆ ತಡೆದವರಲ್ಲಿ ಒಬ್ಬರು, ರೈಲುಗಳ ಸಮಯ ಸಾರುವ ನೌಕರ ವಿಷ್ಣು ಝೆಂಡೆ. ಕೊಠಡಿ ಬಿಟ್ಟು ಓಡದೆ, ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು.

ಬಳಿಕ ಹಂತಕರು ಸಮೀಪದ ಕಾಮಾ ಆಸ್ಪತ್ರೆಗೆ ನುಗ್ಗಿದರು. ದಾದಿ ಅಂಜಲಿ ಕುಲ್ಥೆ ವಾರ್ಡಿನ ಬಾಗಿಲು ಭದ್ರಪಡಿಸಿ, 20 ಮಂದಿ ಗರ್ಭಿಣಿಯರನ್ನು ಒಂದು ಪುಟ್ಟ ಕೋಣೆಯಲ್ಲಿ ಅಡಗಿಸಿ ಕಾದರು. ಮುಂದೆ ನ್ಯಾಯಾಲಯದಲ್ಲಿ ದಾದಿಯ ಸಮವಸ್ತ್ರದಲ್ಲೇ ಸಾಕ್ಷಿ ನುಡಿದರು.

ಮಕ್ಕಳಿಗೆ ಇದನ್ನೆಲ್ಲ ಹೇಳುವಾಗ ಒಂದನ್ನು ಬಿಡಬೇಡಿ. ಆ ಗುಂಡಿನ ಸದ್ದಿನ ನಡುವೆಯೇ ಒಬ್ಬಾಕೆಗೆ ಹೆರಿಗೆ ನೋವು ಬಂತು. ಅಂಜಲಿಯವರು ಆಕೆಯನ್ನು ಗೋಡೆಗೆ ಆನಿಸಿಕೊಂಡೇ ಮೆಲ್ಲನೆ ಹೆರಿಗೆ ಕೋಣೆಗೆ ನಡೆಸಿಕೊಂಡು ಹೋದರು, ಮಗು ಹುಟ್ಟಿತು.