ಮಂಗನ ಕಾಯಿಲೆಯ ವೈರಾಣು: ಇಲಿ, ಉಣ್ಣೆ ಮತ್ತು ಮನುಷ್ಯ

(ಅಧ್ಯಯನ ಲೇಖನ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಉಪಯೋಗಕ್ಕಾಗಿ)

1. ಹಿನ್ನೆಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಕಾಲದಲ್ಲಿ ಕಾಡಿನಂಚಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂದಿತು. ಹಳದಿ ಜ್ವರವು ನಮ್ಮ ದೇಶವನ್ನು ಪ್ರವೇಶಿಸಿರಬಹುದೆಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಉಣ್ಣೆಯ (ಉಣುಗು) ಮೂಲಕ ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು. ಕಾಡಿನ ಹೆಸರಿನಿಂದ ಇದು ಕ್ಯಾಸನೂರು ಕಾಡಿನ ಕಾಯಿಲೆ ಎನಿಸಿತು. ಜನರ ಬಾಯಲ್ಲಿ ಮಂಗನ ಕಾಯಿಲೆಯಾಯಿತು.

ಈ ಹೆಸರು ಒಂದು ತಪ್ಪು ಕಲ್ಪನೆಗೂ ಕಾರಣವಾಗಿದೆ. ಸಾಯುವ ಮಂಗ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ವೈರಾಣು ವರ್ಷವಿಡೀ ನೆಲೆಸಿರುವುದು ಉಣ್ಣೆಗಳಲ್ಲಿ ಮತ್ತು ನೆಲದ ಮೇಲೆ ಓಡಾಡುವ ಕಾಡಿಲಿ, ಸುಂಡಿಲಿಯಂತಹ ಸಣ್ಣ ಪ್ರಾಣಿಗಳಲ್ಲಿ.

2. ಹರಡುವ ಕ್ರಮ

ಉಣ್ಣೆಗೆ ಮೊಟ್ಟೆಯ ನಂತರ ಮರಿ, ಎಳೆಯ ಉಣ್ಣೆ, ಬೆಳೆದ ಉಣ್ಣೆ ಎಂಬ ಮೂರು ಹಂತಗಳಿವೆ. ಪ್ರತಿ ಹಂತದಲ್ಲಿಯೂ ಅದಕ್ಕೆ ಒಮ್ಮೆ ರಕ್ತ ಬೇಕು. ಮಳೆಗಾಲದ ನಂತರ ಹೊರಬರುವ ಮರಿಗಳು ಇಲಿಗಳ ರಕ್ತ ಹೀರುವಾಗ, ಆ ಇಲಿಯಲ್ಲಿ ವೈರಾಣು ಇದ್ದರೆ ಅದನ್ನು ಪಡೆಯುತ್ತವೆ. ಒಮ್ಮೆ ಸೇರಿದ ವೈರಾಣು ಉಣ್ಣೆ ಬೆಳೆದಂತೆ ಅದರೊಳಗೇ ಉಳಿಯುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಎಳೆಯ ಉಣ್ಣೆ. ಅದರ ಸಂಖ್ಯೆ ಹೆಚ್ಚುವ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿಯೇ ಕಾಯಿಲೆಯ ಕಾಲವೂ ಆಗಿದೆ.

ಮಂಗಕ್ಕೆ ಸೋಂಕು ತಗುಲಿದಾಗ ಅದರ ರಕ್ತದಲ್ಲಿ ವೈರಾಣು ವಿಪರೀತ ಹೆಚ್ಚುತ್ತದೆ. ಅದು ಸತ್ತ ಕೂಡಲೇ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಆ ಸ್ಥಳ ಅಪಾಯದ ತಾಣವಾಗುತ್ತದೆ. ದನಕರುಗಳು ಕಾಯಿಲೆಯನ್ನು ನೇರವಾಗಿ ಹರಡುವುದಿಲ್ಲ. ಆದರೆ ಬೆಳೆದ ಉಣ್ಣೆಗಳಿಗೆ ರಕ್ತ ಒದಗಿಸುವುದರಿಂದ ಉಣ್ಣೆಯ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ. ಕಾಡು ಕಡಿದು ಸಾಗುವಳಿ, ಮೇವು ಹೆಚ್ಚಿದ ಅಂಚಿನಲ್ಲಿಯೇ ಇಲಿ, ದನ, ಉಣ್ಣೆ, ಮನುಷ್ಯ ಒಂದೆಡೆ ಸೇರುತ್ತಾರೆ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

3. ವೈರಾಣುವಿನ ಬದಲಾವಣೆ

ಇದು ಆರ್‌ಎನ್‌ಎ ವೈರಾಣು. ತನ್ನ ಪ್ರತಿ ಮಾಡಿಕೊಳ್ಳುವಾಗ ಅದರಲ್ಲಿ ಸಣ್ಣ ತಪ್ಪುಗಳು ನುಸುಳುತ್ತವೆ, ಇವೇ ರೂಪಾಂತರಗಳು. ಆದರೆ ಈ ವೈರಾಣು ಉಣ್ಣೆಯ ದೇಹದಲ್ಲಿಯೂ, ಬಿಸಿ ರಕ್ತದ ಪ್ರಾಣಿಯ ದೇಹದಲ್ಲಿಯೂ ಬದುಕಬೇಕು. ಒಂದಕ್ಕೆ ಒಗ್ಗುವ ಬದಲಾವಣೆ ಇನ್ನೊಂದಕ್ಕೆ ಒಗ್ಗದಿದ್ದರೆ ಅಂತಹ ರೂಪ ಉಳಿಯುವುದಿಲ್ಲ. ಆದ್ದರಿಂದ ಇದರ ಬದಲಾವಣೆ ನಿಧಾನ.

ವೈರಾಣು ಹೆಚ್ಚು ಬದಲಾಗದಿದ್ದರೂ ಅದರ ಪ್ರದೇಶ ಬದಲಾಗಿದೆ. ದಶಕಗಳ ಕಾಲ ಮಲೆನಾಡು ಮತ್ತು ಅದರ ಸುತ್ತಲಿನ ಜಿಲ್ಲೆಗಳಲ್ಲಿದ್ದ ಕಾಯಿಲೆ 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ ಹಾಗೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಂಡುಬಂದಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳು ಸಂಭವಿಸಿದವು. ಹಿಂದೆ ಬಳಸುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು.

4. ಇಲಿಯಿಂದ ನೇರವಾಗಿ ಬರುವ ವೈರಾಣು

ಹಂಟಾ ಗುಂಪಿನ ವೈರಾಣುಗಳಿಗೆ ಉಣ್ಣೆ ಬೇಕಿಲ್ಲ. ಸೋಂಕಿತ ಇಲಿಯ ಮೂತ್ರ, ಹಿಕ್ಕೆ ಒಣಗಿ ದೂಳಿನೊಡನೆ ಉಸಿರಿಗೆ ಸೇರಿದರೆ ಕಾಯಿಲೆ ಬರುತ್ತದೆ. ಈ ಗುಂಪಿನ ಒಂದು ವೈರಾಣು 1964ರಲ್ಲಿಯೇ ತಮಿಳುನಾಡಿನ ವೆಲ್ಲೂರಿನಲ್ಲಿ ಸುಂಡಿಲಿಯಿಂದ ದೊರೆತಿತ್ತು. ನಾವು ‘ಇಲಿ ಜ್ವರ’ ಎನ್ನುವುದು ಬೇರೆ ಕಾಯಿಲೆ. ಅದಕ್ಕೆ ಕಾರಣ ಬ್ಯಾಕ್ಟೀರಿಯಾ, ಅದಕ್ಕೆ ಔಷಧಿ ಇದೆ.

5. ನಮ್ಮ ತಾಲ್ಲೂಕುಗಳಲ್ಲಿ ಗಮನಿಸಬೇಕಾದುದು

ನಮ್ಮದು ಬಯಲುಸೀಮೆ, ಇದು ಮಂಗನ ಕಾಯಿಲೆಯ ಮೂಲ ನೆಲೆಯಲ್ಲ. ಆದರೆ ಹೊಳಲ್ಕೆರೆ, ಹೊಸದುರ್ಗದಿಂದ ಮಲೆನಾಡು ದೂರವಿಲ್ಲ. ಅಡಿಕೆ ಕೊಯ್ಲಿಗೆ, ತೋಟದ ಕೂಲಿಗೆ, ಯಾತ್ರೆಗೆ ಅಲ್ಲಿಗೆ ಹೋದವರು ಊರಿಗೆ ಮರಳಿದ ಮೇಲೆ ಜ್ವರ ಕಾಣಿಸಿಕೊಳ್ಳಬಹುದು. ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತನೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತಸ್ರಾವ ಉಂಟಾಗುತ್ತದೆ. ರೋಗಿಯು ತಾನು ಎಲ್ಲಿಗೆ ಹೋಗಿದ್ದೆನೆಂದು ಹೇಳದಿದ್ದರೆ, ಬಯಲುಸೀಮೆಯ ವೈದ್ಯರಿಗೆ ಇದು ಡೆಂಗ್ಯೂ ಎಂದೇ ತೋರಬಹುದು. ಆದ್ದರಿಂದ ಈ ಕೆಳಗಿನವುಗಳನ್ನು ಪಾಲಿಸತಕ್ಕದ್ದು:

ಅ) ಜ್ವರ ಸಮೀಕ್ಷೆಯಲ್ಲಿ ‘ಕಳೆದ ಎರಡು ವಾರಗಳಲ್ಲಿ ಮಲೆನಾಡಿಗೆ ಅಥವಾ ಕಾಡಿಗೆ ಹೋಗಿದ್ದಿರಾ?’ ಎಂದು ತಪ್ಪದೇ ಕೇಳಿ ಬರೆದುಕೊಳ್ಳುವುದು.

ಆ) ಹೌದು ಎಂದವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಜ್ವರದ ಮೊದಲ ದಿನಗಳಲ್ಲಿಯೇ ರಕ್ತದಲ್ಲಿ ವೈರಾಣುವನ್ನು ಪತ್ತೆಹಚ್ಚುವುದು ಸುಲಭ. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲವಾದರೂ ಸಕಾಲದ ಆರೈಕೆಯಿಂದ ಹೆಚ್ಚಿನವರು ಗುಣಮುಖರಾಗುತ್ತಾರೆ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು.

ಇ) ಮಲೆನಾಡಿಗೆ ಕೆಲಸಕ್ಕೆ ಹೊರಡುವವರಿಗೆ ಮೈತುಂಬ ಬಟ್ಟೆ, ಉಣ್ಣೆ ನಿವಾರಕ ತೈಲ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಬಟ್ಟೆ ಒಗೆಯುವುದನ್ನು ತಿಳಿಸುವುದು.

ಈ) ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಹಾಗೂ ಪಶುಪಾಲನಾ ಇಲಾಖೆಗೆ ಅಂದೇ ವರದಿ ಮಾಡುವುದು.

ಉ) ಶೇಂಗಾ, ರಾಗಿ, ಮೆಕ್ಕೆಜೋಳದ ದಾಸ್ತಾನು ಕೋಣೆಯನ್ನು ಒಣಗಿದ್ದಂತೆ ಗುಡಿಸದೆ, ಮೊದಲು ಬಾಗಿಲು ತೆರೆದು ಗಾಳಿಯಾಡಿಸಿ, ಹಿಕ್ಕೆಯ ಮೇಲೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ನಂತರ ಒರೆಸುವುದು.

6. ಗ್ರಾಮಸಭೆಯಲ್ಲಿ ಚರ್ಚೆಗೆ

ನಮ್ಮ ಊರಿನಿಂದ ಡಿಸೆಂಬರ್‌ನಿಂದ ಮೇ ನಡುವೆ ಮಲೆನಾಡಿಗೆ ಹೋಗಿಬರುವವರು ಯಾರು? ಅವರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇದೆಯೇ? ಸತ್ತ ಮಂಗದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂಬುದು ಊರಿನ ಕುರಿಗಾಹಿಗಳಿಗೆ ಗೊತ್ತಿದೆಯೇ?